ಮೂರನೇ ವಾರದ ಜ್ವರ

ಮೊದಲು ಶುರುವಾಗುವುದು ನಾಲಿಗೆ ನೋಡಿಕೊಳ್ಳುವ ಚಾಳಿ. ಮನೆಯವರೆಲ್ಲ ಮಲಗಿದ ಮೇಲೆ ಬಚ್ಚಲುಮನೆಯ ಚಿಲಕ ಹಾಕಿಕೊಂಡು, ಕನ್ನಡಿಯೆದುರು ಬಾಯಿ ತೆರೆದು, ಮೊಬೈಲಿನ ಬೆಳಕು ಬಿಟ್ಟು, ಬಿಳಿ ಕಟ್ಟಿದೆಯೇ ಎಂದು ಹುಡುಕುವುದು. ನಾಲಿಗೆ ಆಯಿತೆಂದರೆ ಕತ್ತು. ದವಡೆಯ ಕೆಳಗೆ ಬೆರಳಿಟ್ಟು ಒತ್ತಿ, ಬಟಾಣಿಯಷ್ಟು ಏನೋ ಸಿಕ್ಕಿತೆಂದು ಬೆವರುವುದು. ಒಂದೇ ಜಾಗವನ್ನು ದಿನಕ್ಕೆ ಹತ್ತಾರು ಸಲ ಒತ್ತಿದರೆ ಯಾರ ಕತ್ತಾದರೂ ನೋಯುತ್ತದೆ. ಆ ನೋವೇ ಮರುದಿನದ ಹೊಸ ಲಕ್ಷಣ.

ಕಾಂಡೋಮ್ ಇಲ್ಲದೆ ಕಳೆದ ಒಂದು ರಾತ್ರಿ ಮನುಷ್ಯನನ್ನು ಹೀಗೆ ತನ್ನ ಮೈಗೇ ಕಾವಲುಗಾರನನ್ನಾಗಿ ಮಾಡುತ್ತದೆ. ಮಾಲೂರಿನಿಂದ ಬೆಳಗಿನ ರೈಲಿಗೆ ಬೆಂಗಳೂರಿಗೆ ದುಡಿಯಲು ಹೋಗುವವನು, ಕೋಲಾರದ ಎಪಿಎಂಸಿಯಿಂದ ಟೊಮೆಟೊ ತುಂಬಿಕೊಂಡು ಹೊರರಾಜ್ಯಕ್ಕೆ ಹೊರಟ ಲಾರಿ ಚಾಲಕ, ಮುಳಬಾಗಿಲಿನ ಕಾಲೇಜು ಹುಡುಗ, ಮಾವಿನ ಸುಗ್ಗಿಯಲ್ಲಿ ಶ್ರೀನಿವಾಸಪುರದ ಮಂಡಿಯಲ್ಲೇ ತಿಂಗಳುಗಟ್ಟಲೆ ಉಳಿಯುವ ವ್ಯಾಪಾರಿ, ಗಂಡನ ಓಡಾಟದ ಬಗ್ಗೆ ಅನುಮಾನವಿದ್ದೂ ಬಾಯಿಬಿಡಲಾಗದ ಹೆಂಡತಿ: ಎಚ್‌ಐವಿ ತಗಲಿತೇನೋ ಎಂಬ ಈ ದಿಗಿಲು ಯಾರನ್ನೂ ಹಿಡಿಯಬಹುದು. ಯಾರೂ ಅದನ್ನು ಹೆಸರಿಟ್ಟು ಹೇಳುವುದಿಲ್ಲ. ‘ಆ ಕಾಯಿಲೆ’ ಎಂದಷ್ಟೇ ಹೇಳಿ ಸುಮ್ಮನಾಗುತ್ತಾರೆ.

ಮೂರನೇ ವಾರದಲ್ಲಿ ಜ್ವರ ಬಂದರಂತೂ ಎದೆ ಒಡೆದೇಹೋಗುತ್ತದೆ. ಎಚ್‌ಐವಿ ಹೊಸದಾಗಿ ಅಂಟಿದವರಲ್ಲಿ ಹಲವರಿಗೆ ಎರಡರಿಂದ ನಾಲ್ಕು ವಾರಗಳೊಳಗೆ ಜ್ವರ, ಗಂಟಲುನೋವು, ಮೈಕೈ ನೋವು, ಮೈಮೇಲೆ ಕೆಂಪು ಗಂಧೆ, ಗ್ರಂಥಿಗಳ ಬಾವು ಕಾಣಿಸಿಕೊಳ್ಳುವುದು ನಿಜ. ಆದರೆ ಡೆಂಗಿ, ಚಿಕೂನ್‌ಗುನ್ಯಾ, ಟೈಫಾಯ್ಡ್, ಫ್ಲೂ ಎಲ್ಲವೂ ಬಹುಪಾಲು ಇದೇ ವೇಷದಲ್ಲಿ ಬರುತ್ತವೆ. ಮಳೆಗಾಲ ಮುಗಿಯುವ ಹೊತ್ತಿಗೆ ಕೋಲಾರದ ಯಾವ ಕ್ಲಿನಿಕ್ಕಿನ ಬೆಂಚಿನ ಮೇಲೂ ಇಂಥ ಜ್ವರದವರು ಕೂತಿರುತ್ತಾರೆ. ನಿದ್ದೆಗೆಟ್ಟು ಹೆದರಿದ ಮೈ ತಾನಾಗಿಯೇ ಬೆವರುತ್ತದೆ, ಭೇದಿ ಹಿಡಿಸಿಕೊಳ್ಳುತ್ತದೆ, ಊಟ ಬಿಟ್ಟು ತೂಕ ಕಳೆದುಕೊಳ್ಳುತ್ತದೆ. ಇನ್ನೊಂದು ಕಡೆ, ಸೋಂಕು ತಗಲಿಯೂ ಯಾವ ಲಕ್ಷಣವೂ ಇಲ್ಲದೆ ವರ್ಷಗಟ್ಟಲೆ ಗಟ್ಟಿಮುಟ್ಟಾಗಿ ಓಡಾಡುವವರಿದ್ದಾರೆ. ಹೀಗಾಗಿ ಜ್ವರ ಬಂದದ್ದೂ ಸಾಕ್ಷಿಯಲ್ಲ, ಬಾರದಿದ್ದದ್ದೂ ಸಾಕ್ಷಿಯಲ್ಲ. ಹೇಳಬಲ್ಲದ್ದು ರಕ್ತ ಮಾತ್ರ, ಅದೂ ಸರಿಯಾದ ದಿನಕ್ಕೆ ಕೇಳಿದರೆ.

ಆ ದಿನದ ಲೆಕ್ಕವನ್ನು ಬಿಡಿಸಿ ಹೇಳಬೇಕು. ವೈರಸ್ಸಿನ ಪಿ24 ಎಂಬ ಪ್ರೋಟೀನನ್ನೂ ದೇಹ ತಯಾರಿಸುವ ಪ್ರತಿಕಾಯಗಳನ್ನೂ ಒಟ್ಟಿಗೆ ಹುಡುಕುವ ನಾಲ್ಕನೇ ತಲೆಮಾರಿನ ಪ್ರಯೋಗಾಲಯದ ಪರೀಕ್ಷೆ, ಸಂಪರ್ಕವಾದ 18ರಿಂದ 45 ದಿನಗಳೊಳಗೆ ಸೋಂಕನ್ನು ಹಿಡಿಯುತ್ತದೆ. ಪ್ರತಿಕಾಯಗಳನ್ನಷ್ಟೇ ನೋಡುವ ಕ್ಷಿಪ್ರ ಪರೀಕ್ಷೆಗೆ 23ರಿಂದ 90 ದಿನ ಬೇಕಾಗಬಹುದು. ಆದ್ದರಿಂದ ಐದನೇ ದಿನವೇ ಖಾಸಗಿ ಲ್ಯಾಬಿಗೆ ಓಡಿ, ನೆಗೆಟಿವ್ ಚೀಟಿ ಹಿಡಿದು ನಿಟ್ಟುಸಿರು ಬಿಡುವುದರಲ್ಲಿ ಅರ್ಥವಿಲ್ಲ. ಮೂರು ತಿಂಗಳು ತುಂಬಿದ ಮೇಲೂ ನೆಗೆಟಿವ್ ಬಂದ ಚೀಟಿಯನ್ನು ನಂಬದೆ ಮತ್ತೆ ಮತ್ತೆ ರಕ್ತ ಕೊಡುವುದರಲ್ಲೂ ಅರ್ಥವಿಲ್ಲ. ಹಾಗೆ ಅಲೆಯುವವರು ಬಹಳ. ಅವರಿಗೆ ಬೇಕಾದದ್ದು ಇನ್ನೊಂದು ಲ್ಯಾಬ್ ಅಲ್ಲ, ಮನೋವೈದ್ಯರ ಜೊತೆ ಒಂದು ಮಾತುಕತೆ. ಅದಕ್ಕೆಂದೇ 14416 ಸಂಖ್ಯೆಯ ಟೆಲಿ ಮಾನಸ್ ಸಹಾಯವಾಣಿ 2022ರಿಂದ ಇದೆ.

ಅಪಾಯದ ಅಂದಾಜೂ ಭಯ ಹೇಳುವಷ್ಟಿಲ್ಲ. ಚಿಕಿತ್ಸೆ ಪಡೆಯದ ಸೋಂಕಿತರ ಜೊತೆ ಒಂದು ಸಲ ಕಾಂಡೋಮ್ ಇಲ್ಲದೆ ಯೋನಿ ಸಂಭೋಗವಾದರೆ ಹೆಣ್ಣಿಗೆ ಸೋಂಕು ತಗಲುವ ಸಾಧ್ಯತೆ 10,000ಕ್ಕೆ ಸುಮಾರು 8, ಗಂಡಿಗೆ ಸುಮಾರು 4. ಗುದ ಸಂಭೋಗದಲ್ಲಿ ಸ್ವೀಕರಿಸುವವರಿಗೆ ಅದು ಸುಮಾರು 138, ಅಂದರೆ ಬಹಳ ಹೆಚ್ಚು. ಸಿಫಿಲಿಸ್‌ನಂಥ ಬೇರೆ ಲೈಂಗಿಕ ರೋಗದ ಹುಣ್ಣಿದ್ದರೆ ಅಪಾಯ ಇನ್ನೂ ಏರುತ್ತದೆ. ಎಚ್‌ಐವಿಯೊಂದನ್ನೇ ಧ್ಯಾನಿಸುತ್ತ ಸಿಫಿಲಿಸ್, ಹೆಪಟೈಟಿಸ್-ಬಿ ಮರೆಯುವುದು ಮಾಮೂಲಿ. ಅವಕ್ಕೂ ಪರೀಕ್ಷೆ ಮಾಡಿಸಬೇಕು.

ಇಷ್ಟು ತಿಳಿದ ಮೇಲೂ ಭಯ ಯಾಕೆ ಇಷ್ಟು ಗಟ್ಟಿ? ಅದಕ್ಕೆ ಹಳೆಯ ಬೇರಿದೆ. 1986ರಲ್ಲಿ ಮದ್ರಾಸ್ ಮೆಡಿಕಲ್ ಕಾಲೇಜಿನ ವಿದ್ಯಾರ್ಥಿನಿ ಸೆಲ್ಲಪ್ಪನ್ ನಿರ್ಮಲಾ, ತಮ್ಮ ಗುರು ಡಾ. ಸುನೀತಿ ಸೊಲೊಮನ್ ಅವರ ಮಾರ್ಗದರ್ಶನದಲ್ಲಿ ಲೈಂಗಿಕ ಕಾರ್ಯಕರ್ತೆಯರ ರಕ್ತದ ಮಾದರಿಗಳನ್ನು ಸಂಗ್ರಹಿಸಿದರು. ಪರೀಕ್ಷೆಯ ಸೌಲಭ್ಯ ಮದ್ರಾಸಿನಲ್ಲಿರಲಿಲ್ಲ. ಮಾದರಿಗಳನ್ನು ಮಂಜುಗಡ್ಡೆಯಲ್ಲಿಟ್ಟುಕೊಂಡು ರೈಲಿನಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ (ಸಿಎಂಸಿ) ಒಯ್ದರು. ಕೋಲಾರ ಸೀಮೆಯವರು ದೊಡ್ಡ ಕಾಯಿಲೆ ಎಂದರೆ ಮುಳಬಾಗಿಲು, ಚಿತ್ತೂರು ದಾಟಿ ಹೋಗುವ ಅದೇ ಸಿಎಂಸಿ ಆಸ್ಪತ್ರೆ. ದೇಶದ ಮೊದಲ ಎಚ್‌ಐವಿ ಪ್ರಕರಣಗಳು ಪತ್ತೆಯಾದದ್ದು ಅಲ್ಲಿ. ಆಗ ಮದ್ದಿರಲಿಲ್ಲ. ಗೋಡೆಗಳ ಮೇಲೆ ತಲೆಬುರುಡೆ ಬರೆದು ಸಾರಿದ ಎಚ್ಚರಿಕೆ ಒಂದಿಡೀ ತಲೆಮಾರಿನ ಮನಸ್ಸಿನಲ್ಲಿ ಉಳಿದುಬಿಟ್ಟಿತು.

ಮದ್ದು ಬಂದ ಸುದ್ದಿ ಅಷ್ಟು ಜೋರಾಗಿ ತಲುಪಲೇ ಇಲ್ಲ. 2004ರ ಏಪ್ರಿಲ್‌ನಿಂದ ಸರ್ಕಾರ ಎಆರ್‌ಟಿ ಔಷಧವನ್ನು ಉಚಿತವಾಗಿ ಕೊಡುತ್ತಿದೆ. 2017ರಿಂದ ಸೋಂಕು ದೃಢಪಟ್ಟ ಎಲ್ಲರಿಗೂ, ರೋಗನಿರೋಧಕ ಕಣಗಳ ಎಣಿಕೆ ಎಷ್ಟೇ ಇರಲಿ, ಚಿಕಿತ್ಸೆ ಶುರುಮಾಡುತ್ತಾರೆ. ಈಗ ಬಹುತೇಕರಿಗೆ ದಿನಕ್ಕೊಂದು ಮಾತ್ರೆ. ಅದನ್ನು ತಪ್ಪದೆ ನುಂಗಿ, ರಕ್ತದಲ್ಲಿ ವೈರಸ್ ಪತ್ತೆಯಾಗದ ಮಟ್ಟಕ್ಕೆ ಇಳಿದವರಿಂದ ಲೈಂಗಿಕವಾಗಿ ಸೋಂಕು ಹರಡುವುದಿಲ್ಲ. ಯುರೋಪಿನಲ್ಲಿ ನಡೆದು 2019ರಲ್ಲಿ ಪ್ರಕಟವಾದ ‘ಪಾರ್ಟ್‌ನರ್’ ಅಧ್ಯಯನದಲ್ಲಿ, ಒಬ್ಬರಿಗೆ ಮಾತ್ರ ಸೋಂಕಿದ್ದು, ಅವರು ಚಿಕಿತ್ಸೆಯಿಂದ ಈ ಮಟ್ಟಕ್ಕೆ ಇಳಿದಿದ್ದ ಪುರುಷ ಜೋಡಿಗಳ ನಡುವೆ ಕಾಂಡೋಮ್ ಇಲ್ಲದ ಸುಮಾರು 76 ಸಾವಿರ ಸಂಪರ್ಕಗಳಾದರೂ ಸಂಗಾತಿಯಿಂದ ಒಬ್ಬರಿಗೂ ಅಂಟಲಿಲ್ಲ.

ನಿಜವಾಗಿ ಹೊಟ್ಟೆ ಉರಿಯುವುದು ಕೈಜಾರಿಹೋಗುವ ಮೊದಲ ಮೂರು ದಿನಗಳ ಬಗ್ಗೆ. ಸಂಪರ್ಕವಾದ 72 ಗಂಟೆಯೊಳಗೆ, ಆದಷ್ಟು ಬೇಗ ಶುರುಮಾಡಿ 28 ದಿನ ನುಂಗಿದರೆ ಸೋಂಕು ಬೇರೂರದಂತೆ ತಡೆಯುವ ಔಷಧವಿದೆ. ಅದಕ್ಕೆ ಪಿಇಪಿ ಎನ್ನುತ್ತಾರೆ. ಯಾರಿಗೆ ಬೇಕು, ಯಾರಿಗೆ ಬೇಡ ಎಂಬುದನ್ನು ಅಪಾಯ ನೋಡಿ ವೈದ್ಯರು ತೀರ್ಮಾನಿಸುತ್ತಾರೆ. ಆದರೆ ವೈದ್ಯರ ಮುಂದೆ ಕೂರುವುದೇ ಇಲ್ಲವಲ್ಲ! ಆ ಮೂರು ದಿನ ನಾಚಿಕೆಯಲ್ಲಿ, ದೇವರಿಗೆ ಹರಕೆ ಹೊರುವುದರಲ್ಲಿ ಕಳೆದುಹೋಗುತ್ತವೆ. ಔಷಧದ ಬಾಗಿಲು ಮುಚ್ಚಿದ ಮೇಲೆ ಲಕ್ಷಣಗಳ ಬೇಟೆ ಆರಂಭವಾಗುತ್ತದೆ.

ತಾಲ್ಲೂಕು ಆಸ್ಪತ್ರೆಗೆ ಹೋಗಲು ಅಡ್ಡಿಯಾಗುವುದು ರೋಗಕ್ಕಿಂತ ಗುರುತಿನವರ ಕಣ್ಣು. ಆಪ್ತ ಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರ, ಜನರ ಬಾಯಲ್ಲಿ ಐಸಿಟಿಸಿ, ಸರ್ಕಾರಿ ಆಸ್ಪತ್ರೆಯಲ್ಲಿ ಒಂದು ಸಣ್ಣ ಕೋಣೆ. ಒಳಗೆ ಮೇಜಿನಾಚೆ ಒಬ್ಬ ಸಮಾಲೋಚಕರು. ಅವರು ಕೇಳುವುದು ಯಾವಾಗ, ಹೇಗೆ ಎಂಬ ಪ್ರಶ್ನೆಗಳನ್ನು. ಬುದ್ಧಿವಾದ ಅವರ ಕೆಲಸವಲ್ಲ. ಒಪ್ಪಿಗೆ ಪಡೆದೇ ರಕ್ತ ತೆಗೆಯುತ್ತಾರೆ. ಬೆರಳುದ್ದದ ಪ್ಲಾಸ್ಟಿಕ್ ಪಟ್ಟಿಯ ಕಿಂಡಿಗೆ ಹನಿ ಬಿಟ್ಟು ಕಾಯುತ್ತಾರೆ. ನಿಯಂತ್ರಣದ ಒಂದೇ ಗೆರೆ ಮೂಡಿದರೆ ನೆಗೆಟಿವ್. ಎರಡನೇ ಗೆರೆ ಕಂಡರೂ ಅಲ್ಲಿಗೇ ತೀರ್ಪಿಲ್ಲ. ಬೇರೆ ಬೇರೆ ಬಗೆಯ ಮೂರು ಕಿಟ್‌ಗಳಲ್ಲಿ ಖಚಿತವಾದ ಮೇಲಷ್ಟೇ ಪಾಸಿಟಿವ್ ಎನ್ನುತ್ತಾರೆ. ದುಡ್ಡು ಕೊಡಬೇಕಿಲ್ಲ. 2018ರ ಸೆಪ್ಟೆಂಬರ್ 10ರಂದು ಜಾರಿಗೆ ಬಂದ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ ಫಲಿತಾಂಶದ ಗುಟ್ಟನ್ನು ಕಾಯುತ್ತದೆ. ಊರಿನ ಆಸ್ಪತ್ರೆ ಮುಜುಗರವೆನಿಸಿದರೆ ಶ್ರೀನಿವಾಸಪುರದವರು ಕೋಲಾರದ ಎಸ್‌ಎನ್‌ಆರ್ ಆಸ್ಪತ್ರೆಗೆ, ಮಾಲೂರಿನವರು ಬೆಂಗಳೂರಿನ ಬೌರಿಂಗ್‌ಗೆ ಹೋಗಬಹುದು. 1097ಕ್ಕೆ ಉಚಿತವಾಗಿ ಕರೆ ಮಾಡಿ, ಕನ್ನಡದಲ್ಲೇ ಕೇಳಿಕೊಳ್ಳಬಹುದು.

ಫಲಿತಾಂಶ ಬರುವ ತನಕ ಕಾಂಡೋಮ್ ಬಿಡಬಾರದು, ರಕ್ತದಾನ ಮಾಡಬಾರದು. ಕಾರಣ ಹೇಳದೆ ಹೆಂಡತಿಯಿಂದ ದೂರ ಮಲಗುವ ಗಂಡ ಅವಳಿಗೂ ಅಷ್ಟೇ ಹಿಂಸೆ ಕೊಡುತ್ತಾನೆ. ಬಸುರಿಯ ರಕ್ತಪರೀಕ್ಷೆಯಲ್ಲಿ ಅವಳಿಗೆ ಮೊದಲ ಸಲ ಸಂಗತಿ ಗೊತ್ತಾಗುವುದಂತೂ ದೊಡ್ಡ ಅನ್ಯಾಯ.

ತಮ್ಮನೋ ಗೆಳೆಯನೋ ಗೆಳತಿಯೋ ಧೈರ್ಯ ಮಾಡಿ ಈ ಮಾತು ತೆಗೆದರೆ, ‘ಯಾಕೆ ಹಾಗೆ ಮಾಡಿದೆ’ ಎನ್ನಬೇಡಿ. ‘ಎಷ್ಟು ದಿನವಾಯಿತು’ ಎಂದು ಕೇಳಿ. ಮೂರು ದಿನ ತುಂಬಿಲ್ಲದಿದ್ದರೆ ಆ ಕ್ಷಣವೇ ಆಸ್ಪತ್ರೆಗೆ ಕರೆದುಕೊಂಡು ಹೊರಡಿ. ತುಂಬಿದ್ದರೆ ಪರೀಕ್ಷೆಯ ದಿನ ಗೊತ್ತುಮಾಡಿ, ಅವತ್ತು ನೀವೂ ಜೊತೆಗೆ ಹೋಗಿ.