ವಾರೆ ಕುಳಿತ ಅಡ್ಡಿಕೆ

ತಂಗಿಯ ಮಗಳ ಮದುವೆಗೆ ಮೂರು ವಾರವಿರುವಾಗ, ಮೈಸೂರಿನ ಗೃಹಿಣಿಯೊಬ್ಬರು ಪೆಟ್ಟಿಗೆಯಿಂದ ತಾಯಿಯ ಕಾಲದ ಅಡ್ಡಿಕೆಯನ್ನು ತೆಗೆದು ಕೊರಳಿಗೆ ಕಟ್ಟಿಕೊಂಡರು. ಅದು ನೇರವಾಗಿ ಕೂರಲಿಲ್ಲ. ದಾರ ಸಡಿಲಿಸಿದರು, ಬಿಗಿದರು. ಆದರೂ ಬಲಗಡೆ ವಾರೆ. ಮೊನ್ನೆ ದಾರ ಪೋಣಿಸಿಕೊಟ್ಟವನನ್ನು ದೂರುತ್ತ ಬೆರಳಾಡಿಸಿದಾಗ ಚರ್ಮದಡಿಯಲ್ಲಿ ಸಣ್ಣ ನೆಲ್ಲಿಕಾಯಿಯಷ್ಟು ಗಂಟೊಂದು ಸಿಕ್ಕಿತು. ಗುಟುಕು ನೀರು ಕುಡಿದರೆ ಅದೂ ಮೇಲೇರಿ ಇಳಿಯುತ್ತಿತ್ತು. ಥೈರಾಯ್ಡ್ ಗ್ರಂಥಿಯ ಗಂಟಿನ ಗುರುತೇ ಅದು.

ಇಂಥ ಗಂಟು ಅಪರೂಪವಲ್ಲ. ಕೈಗೆ ಸಿಗುವಷ್ಟು ದೊಡ್ಡದು ನೂರು ಹೆಂಗಸರಲ್ಲಿ ಸುಮಾರು ಐವರಿಗೆ, ನೂರು ಗಂಡಸರಲ್ಲಿ ಒಬ್ಬರಿಗೆ ಇರುವುದುಂಟು. ಅವುಗಳಲ್ಲಿ ಕ್ಯಾನ್ಸರ್ ಆಗಿರುವುದು ನೂರಕ್ಕೆ 7ರಿಂದ 15. ಆದರೆ ತಾನು ಯಾವ ಗುಂಪಿನವಳೆಂದು ತಿಳಿಯದೆ ರಾತ್ರಿ ಕಳೆಯುವವರಿಗೆ ಶೇಕಡಾವಾರು ಲೆಕ್ಕ ನಿದ್ರೆ ತಂದುಕೊಡದು.

ಗಣಿತದ ಉಪಾಧ್ಯಾಯರಾಗಿ ನಿವೃತ್ತರಾದ ಯಜಮಾನರಿಗೆ ಮಾತ್ರ ಲೆಕ್ಕದಲ್ಲಿ ಅಪಾರ ನಂಬಿಕೆ. ರಕ್ತಪರೀಕ್ಷೆಯ ಕಾಗದದಲ್ಲಿ ಟಿ.ಎಸ್.ಎಚ್. 3.2 ಎಂದಿತ್ತು; ಪಕ್ಕದಲ್ಲೇ ಸಹಜ ಮಟ್ಟ 0.4ರಿಂದ 4ರವರೆಗೆ ಎಂದು ಮುದ್ರಿತವಾಗಿತ್ತು. ಅವರು ಕೆಂಪು ಪೆನ್ಸಿಲಿನಿಂದ ಅಡಿಗೆರೆ ಎಳೆದು, ‘ಗಡಿಯೊಳಗೇ ಇದೆ’ ಎಂದು ತೀರ್ಪಿತ್ತರು.

ವೈದ್ಯರು ಕಾಗದವನ್ನೂ ಗೆರೆಯನ್ನೂ ನೋಡಿ ನಕ್ಕರು. ‘ಮೇಷ್ಟ್ರೇ, ಗ್ರಂಥಿ ಸರಿಯಾಗಿ ಕೆಲಸ ಮಾಡುತ್ತಿದೆಯೇ ಎಂಬ ಪ್ರಶ್ನೆಗೆ ಇದು ಉತ್ತರ. ಗಂಟು ಎಂಥದೆಂದು ನಾವಿನ್ನೂ ಕೇಳಿಯೇ ಇಲ್ಲ.’

ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯು ಥೈರಾಯ್ಡಿಗೆ ಕಳುಹಿಸುವ ಅಪ್ಪಣೆಯೇ ಟಿ.ಎಸ್.ಎಚ್. ಥೈರಾಯ್ಡಿನ ಹಾರ್ಮೋನು ಕಡಮೆಯಾದರೆ ಅಪ್ಪಣೆ ಜೋರಾಗುತ್ತದೆ, ಹೆಚ್ಚಾದರೆ ಅಡಗುತ್ತದೆ. ಕೆಲವು ಗಂಟುಗಳು ಅಪ್ಪಣೆಗೆ ಕಾಯದೆ ತಾವೇ ಹಾರ್ಮೋನನ್ನು ಸುರಿಸುತ್ತವೆ, ಆಗ ಟಿ.ಎಸ್.ಎಚ್. ತೀರ ಇಳಿದಿರುತ್ತದೆ. ಇಂಥ ಗಂಟಿನಲ್ಲಿ ಕ್ಯಾನ್ಸರ್ ಬಲು ವಿರಳ. ಹೇಳಿದ ಮಾತು ಕೇಳದವನೇ ಸಾಧುವಾಗಿರುವ ಸಂಸಾರ ಇದೊಂದೇ ಇರಬೇಕು!

ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ವೈದ್ಯರು 2006ರಲ್ಲಿ ಗಂಟುಳ್ಳ 1,500 ರೋಗಿಗಳ ಅಧ್ಯಯನವನ್ನು ಪ್ರಕಟಿಸಿದರು. ಟಿ.ಎಸ್.ಎಚ್. 0.4ಕ್ಕಿಂತ ಕೆಳಗಿದ್ದವರಲ್ಲಿ ಕ್ಯಾನ್ಸರ್ ಶೇಕಡ 3ಕ್ಕೂ ಕಡಮೆ, 5.5ನ್ನು ಮೀರಿದವರಲ್ಲಿ ಶೇಕಡ 30ರ ಸಮೀಪ. ಮೇಷ್ಟ್ರಿಗೆ ನುಂಗಲಾರದ ತುತ್ತಾದುದು ಇನ್ನೊಂದು ಸಂಗತಿ: ಸಹಜವೆನಿಸಿದ ಗಡಿಯೊಳಗೇ ಅಂಕಿ ಏರಿದಂತೆಲ್ಲ ಅಪಾಯವೂ ಏರಿತ್ತು. ಟಿ.ಎಸ್.ಎಚ್. ಥೈರಾಯ್ಡಿನ ಜೀವಕೋಶಗಳನ್ನು ಬೆಳೆಸುವುದು ನಿಜ. ಆದರೆ ಕ್ಯಾನ್ಸರಿಗೆ ಅದೇ ಬೀಜವೆಂದು ಸಿದ್ಧಪಟ್ಟಿಲ್ಲ. ಗಂಟಿನ ಗುಣವನ್ನು ಹೇಳಬೇಕಾದುದು ಅಲ್ಟ್ರಾಸೌಂಡ್ ಚಿತ್ರ ಮತ್ತು ಸೂಜಿ.

ಚಿತ್ರದಲ್ಲಿ ಗಂಟಿನ ಅಂಚು ಒರಟಾಗಿ ಕಂಡಿತು. ತೆಳುವಾದ ಸೂಜಿಯಿಂದ ಜೀವಕೋಶಗಳನ್ನು ಹೀರಿ ತೆಗೆದರು. ಇರುವೆ ಕಚ್ಚಿದಷ್ಟು ನೋವು ಎಂದು ಆಕೆ ಹೇಳಿದರು. ನೋವು ಇದ್ದುದು ಅನಂತರದ ಎಂಟು ದಿನಗಳಲ್ಲಿ. ಒಂಬತ್ತನೆಯ ದಿನ ಬಂದ ವರದಿಯಲ್ಲಿ ಪ್ಯಾಪಿಲರಿ ಕ್ಯಾನ್ಸರ್ ಎಂದಿತ್ತು. ಈ ಬಗೆಯದು ಸಾಮಾನ್ಯವಾಗಿ ನಿಧಾನವಾಗಿ ಬೆಳೆಯುವಂಥದು, ಚಿಕಿತ್ಸೆಗೆ ಚೆನ್ನಾಗಿ ಮಣಿಯುವಂಥದು ಎಂದು ವೈದ್ಯರು ಬಿಡಿಸಿ ಹೇಳಿದರು. ಮೇಷ್ಟ್ರು ಆ ದಿನ ಪೆನ್ಸಿಲನ್ನು ಮುಟ್ಟಲಿಲ್ಲ.

ಮದುವೆ ಮುಗಿದ ಮೇಲೆ ಶಸ್ತ್ರಚಿಕಿತ್ಸೆಯಾಯಿತು. ಗ್ರಂಥಿಯ ಬಲಭಾಗವನ್ನು ತೆಗೆದರು. ವರ್ಷ ಕಳೆದು ಗೌರಿ ಹಬ್ಬದಂದು ಆಕೆ ಮತ್ತೆ ಪೆಟ್ಟಿಗೆ ತೆರೆದರು. ಮೇಷ್ಟ್ರು ಹಿಂದೆ ನಿಂತು ದಾರ ಕಟ್ಟಿದರು. ಅಡ್ಡಿಕೆ ನೇರವಾಗಿ ಕುಳಿತಿತು. ಹೊಲಿಗೆಯ ಗೆರೆ ಅದಕ್ಕಿಂತ ಒಂದು ಬೆರಳು ಕೆಳಗಿತ್ತು.