ಹೊರೆ ಬದಲಿಸುವ ಊರುಗಳು

ತುಮಕೂರಿನಿಂದ ಪಡುವಣಕ್ಕೆ ಸುಮಾರು 20 ಕಿಲೋಮೀಟರ್ ಸಾಗಿದರೆ ಗುಬ್ಬಿ. ಈ ಹೆಸರು ಕಿವಿಗೆ ಬಿದ್ದೊಡನೆ ನಾಟಕಪ್ರಿಯರಿಗೆ ವೀರಣ್ಣನವರ ಕಂಪನಿಯ ನೆನಪಾಗುವುದು ಸಹಜ. ಆದರೆ ಬಣ್ಣದ ಪರದೆ ಏಳುವುದಕ್ಕೆ ಬಹುಕಾಲ ಮುಂಚೆಯೇ ಈ ಊರು ದೂರದೂರದ ವರ್ತಕರ ಬಾಯಲ್ಲಿತ್ತು. ನಗರ ಸೀಮೆಯ ಮಲೆನಾಡಿನಿಂದ ಇಳಿದುಬಂದ ಅಡಿಕೆ, ವಾಲಾಜಾಪೇಟೆಯ ಕಡೆಯ ವ್ಯಾಪಾರಿಗಳ ಕೈಸೇರುತ್ತಿದ್ದುದು ಇಲ್ಲಿಯ ಸಂತೆಯಲ್ಲಿ. ಶ್ರೀರಂಗಪಟ್ಟಣ ಬಿದ್ದ ಮರುವರ್ಷ, 1800ರಲ್ಲಿ, ಕುಂಪಣಿಯವರ ಅಪ್ಪಣೆಯಂತೆ ನಾಡು ಸುತ್ತಿದ ಫ್ರಾನ್ಸಿಸ್ ಬುಕಾನನ್ ಈ ಊರಿನ ವ್ಯಾಪಾರವನ್ನು ತನ್ನ ಪ್ರವಾಸಗ್ರಂಥದಲ್ಲಿ ಬರೆದಿಟ್ಟಿದ್ದಾನೆ.

ಆ ಅಡಿಕೆ ಬರುತ್ತಿದ್ದುದು ಹೇರೆತ್ತುಗಳ ಬೆನ್ನಮೇಲೆ. ಎತ್ತಿನ ಎರಡು ಮಗ್ಗುಲಿಗೂ ಇಳಿಬೀಳುವ ಜೋಡಿಚೀಲಕ್ಕೆ ಹಸುಬೆ ಎಂದು ಹೆಸರು. ಬೀಡುಬಿಟ್ಟಲ್ಲಿ ಹಸುಬೆಯನ್ನು ಇದ್ದಂತೆಯೇ ಕೆಳಗಿಳಿಸಬಹುದು. ಬೆಳಗಾದರೆ ಮತ್ತೊಂದು ಎತ್ತಿಗೆ ಹೇರಬಹುದು. ಒಳಗಿನ ಒಂದು ಅಡಿಕೆಯನ್ನೂ ಮುಟ್ಟಬೇಕಾಗಿಲ್ಲ. 1956ರಲ್ಲಿ ಅಮೆರಿಕದ ಮಾಲ್ಕಮ್ ಮೆಕ್ಲೀನ್ 58 ಲೋಹದ ಪೆಟ್ಟಿಗೆಗಳನ್ನು ಹಡಗಿಗೇರಿಸಿದಾಗ ಜಗತ್ತು ಬೆರಗಾಯಿತು. ಹಡಗು, ರೈಲು, ಲಾರಿ ಮೂರಕ್ಕೂ ಒಗ್ಗುವ ಇಂದಿನ ಕಂಟೇನರಿಗೆ ಅದೇ ನಾಂದಿ. ಆ ಯುಕ್ತಿಯ ತಿರುಳು ಹೇರೆತ್ತಿನವನಿಗೆ ಅಪರಿಚಿತವೇನೂ ಆಗಿರಲಿಲ್ಲ.

1884ರಲ್ಲಿ ಬೆಂಗಳೂರಿನಿಂದ ತುಮಕೂರಿಗೆ ರೈಲು ಬಂದಿತು. ಗುಬ್ಬಿಗೂ ಬರಲು ತಡವಾಗಲಿಲ್ಲ. ವರ್ತಕರ ಸಂತೋಷಕ್ಕೆ ಒಂದು ಕೊರತೆ ಮಾತ್ರ ಉಳಿಯಿತು. ಇತ್ತ ಹಾಸಿದ್ದು ಮೀಟರ್ ಗೇಜಿನ ಕಿರುಹಳಿ. ಮದರಾಸಿನಿಂದ ಬೆಂಗಳೂರಿಗೆ ಅದಾಗಲೇ ಬಂದಿದ್ದುದು 5 ಅಡಿ 6 ಅಂಗುಲದ ಅಗಲಹಳಿ. ಗುಬ್ಬಿಯ ಚೀಲ ಬಂಡಿಯಿಂದಿಳಿದು ರೈಲೇರಬೇಕು, ಬೆಂಗಳೂರಿನಲ್ಲಿ ಇಳಿದು ಇನ್ನೊಂದು ರೈಲೇರಬೇಕು, ಮದರಾಸಿನಲ್ಲಿ ಮತ್ತೆ ಬಂಡಿಗೆ ಇಳಿಯಬೇಕು. ಪ್ರತಿಯೊಂದು ಸಲವೂ ಹಮಾಲಿಯ ಹೆಗಲು, ಕೊಕ್ಕೆ ಚುಚ್ಚಿದ ಗೋಣಿ, ಸೋರಿದ ಸರಕು, ಕೂಲಿಯ ಲೆಕ್ಕ. ದಾರಿ ಸವೆಸುವುದಕ್ಕಿಂತ ದಾರಿ ಬದಲಿಸುವುದೇ ತುಟ್ಟಿಯೆಂಬುದನ್ನು ಮಂಡಿಯ ಗುಮಾಸ್ತನು ಯಾವ ಅರ್ಥಶಾಸ್ತ್ರಜ್ಞನಿಗೂ ಮೊದಲೇ ಬಲ್ಲವನಾಗಿದ್ದನು. ಈ ಹಳಿಯ ಭೇದ ಅಳಿದದ್ದು ಇಪ್ಪತ್ತನೆಯ ಶತಮಾನದ ಕೊನೆಯ ದಶಕದಲ್ಲಿ. ಅಷ್ಟು ಹೊತ್ತಿಗೆ ಸರಕು ಲಾರಿಯ ಪಾಲಾಗಿತ್ತು. ತುಮಕೂರಿನ ಮಂಡಿಪೇಟೆಯ ಇಕ್ಕಟ್ಟಿನ ಬೀದಿಯಲ್ಲಿ ಲಾರಿಯೊಂದು ಹಿಂದಕ್ಕೆ ಸರಿಯುವುದನ್ನು ನೋಡಿದವರಿಗೆ ಅದರ ಕಾರಣವನ್ನು ವಿವರಿಸಬೇಕಾಗಿಲ್ಲ: ಲಾರಿ ಅಂಗಡಿಯ ಬಾಗಿಲಿಗೇ ಬರುತ್ತದೆ.

ತುಮಕೂರಿನ ದಕ್ಷಿಣಕ್ಕಿರುವ ಕುಣಿಗಲ್ಲಿನ ಕಥೆ ಬೇರೆ. ಜನಪದರ ಹಾಡಿಗೆ ವಸ್ತುವಾದ ಕೆರೆಯೂ ಹೆಸರಾಂತ ಅಶ್ವಶಾಲೆಯೂ ಇರುವ ಈ ಪಟ್ಟಣಕ್ಕೆ ರೈಲು ಬಂದದ್ದು 2017ರಲ್ಲಿ, ಬೆಂಗಳೂರು–ಹಾಸನ ಮಾರ್ಗ ತೆರೆದಾಗ. ಅಲ್ಲಿಯವರೆಗೆ ಮಂಗಳೂರಿನ ಹೆದ್ದಾರಿಯೇ ಗತಿ. ಮಳೆಗಾಲದಲ್ಲಿ ಶಿರಾಡಿ ಘಾಟಿ ಕುಸಿದರೆ ಲಾರಿಯವನಿಗೆ ದಾರಿಬದಿಯ ಅಡುಗೆಯೇ ಗತಿ. ಈಗ ಅದೇ ಹಳಿ ಹಾಸನದಾಚೆ, ಸಕಲೇಶಪುರದ ಕೆಳಗಿನ 57 ಸುರಂಗಗಳನ್ನು ದಾಟಿ ಕಡಲಿನೆಡೆಗೆ ಇಳಿಯುತ್ತದೆ.

ಈ ಮಾರ್ಗದ ನೆಲಮಂಗಲದಲ್ಲಿ 2020ರ ಆಗಸ್ಟ್ 30ರಂದು ಒಂದು ವಿನೋದದ ದೃಶ್ಯ ಕಾಣಿಸಿತು. ತುಂಬಿದ ಲಾರಿಗಳು ಸಾಲಾಗಿ ರೈಲಿನ ಬಯಲು ಬಂಡಿಗಳನ್ನೇರಿ, 682 ಕಿಲೋಮೀಟರ್ ದೂರದ ಸೊಲ್ಲಾಪುರದ ಬಳಿಯ ಬಾಳೆಗೆ ಹೊರಟವು. ಜೀವಮಾನವೆಲ್ಲ ಹೊರೆ ಹೊತ್ತ ಲಾರಿಯೇ ಅಂದು ಹೊರೆಯಾಯಿತು! ಕೊಂಕಣ ರೈಲ್ವೆಯಲ್ಲಿ 1999ರಿಂದಲೇ ಈ ಪದ್ಧತಿಯಿದೆ. ಇಳಿಸುವ, ಏರಿಸುವ ಕಷ್ಟವೇ ಇಲ್ಲ. ಚಾಲಕನು ಕೆಲವು ಗಂಟೆ ಕಣ್ಣುಮುಚ್ಚಬಹುದು.

ಇನ್ನು ದೊಡ್ಡ ಯೋಜನೆ. ತುಮಕೂರಿನಿಂದ ಬೆಂಗಳೂರಿಗೆ ಹೋಗುವಾಗ ಮುದ್ದಲಿಂಗನಹಳ್ಳಿಯೆಂಬ ಸಣ್ಣ ನಿಲ್ದಾಣ ಸಿಗುತ್ತದೆ. ರೈಲಿನ ಸರಕೂ ಹೆದ್ದಾರಿಯ ಸರಕೂ ಒಂದೇ ಅಂಗಳದಲ್ಲಿ ಕೈ ಬದಲಾಯಿಸಲೆಂದು ಅದರ ಬಳಿ ಸುಮಾರು 400 ಎಕರೆಯ ಸರಕು ಸಾಗಣೆ ಉದ್ಯಾನಕ್ಕೆ 2022ರ ಜೂನ್‌ನಲ್ಲಿ ಶಂಕುಸ್ಥಾಪನೆಯಾಯಿತು. ಉದ್ಯಾನವೆಂಬ ಹೆಸರಿದ್ದರೂ ಹೂವಿನ ಗಿಡವನ್ನು ಅರಸಬಾರದು. ಹಳೆಯ ಗುಬ್ಬಿಯ ಸಂತೆ ಮಾಡುತ್ತಿದ್ದ ಕೆಲಸವನ್ನೇ ಯಂತ್ರಗಳು ಮಾಡಲಿವೆ.

ಆದರೆ ಯಾರ ಸರಕಿಗೆ? 20 ಅಡಿಯ ಕಂಟೇನರ್ ಒಂದರಲ್ಲಿ 20 ಟನ್ನಿಗೂ ಮಿಕ್ಕಿ ಹಿಡಿಯುತ್ತದೆ. ರೈಲ್ವೆಯವರಾದರೋ ಇಡೀ ರೈಲುಗಟ್ಟಲೆ ಸರಕಿಗೆ ಒಲಿದು ಬಹುಕಾಲವಾಯಿತು. ಎರಡೆಕರೆಯ ತೋಟದವನ ಐದು ಚೀಲ ಅಡಿಕೆ ಈ ಲೆಕ್ಕದಲ್ಲಿ ಎಲ್ಲಿಯೂ ನಿಲ್ಲುವುದಿಲ್ಲ. ಹತ್ತಾರು ರೈತರ ಚೀಲಗಳನ್ನು ಕೂಡಿಸಿ ಒಂದು ಪೆಟ್ಟಿಗೆ ತುಂಬಿಸುವವರು ಗುಬ್ಬಿಯಲ್ಲೇ ಇರಬೇಕು. ಸಹಕಾರ ಸಂಘಗಳಿಗೆ ತಕ್ಕ ಕೆಲಸವಿದು. ಹಮಾಲಿಯ ಮಾತೂ ಇದೆ. 60–70 ಕಿಲೋ ಮೂಟೆಯಿಂದ ಅವನ ಬೆನ್ನಿಗೆ ಬಿಡುಗಡೆಯಾದರೆ ಬೇಡವೆನ್ನುವವರಾರು? ಅವನಿಗೆ ಕೂಲಿ ದೊರೆಯುತ್ತಿದ್ದುದು ಮಾತ್ರ ಮೂಟೆಯ ಲೆಕ್ಕದಲ್ಲಿ.

ಸಂಜೆ ಗುಬ್ಬಿಯ ನಿಲ್ದಾಣದಲ್ಲಿ ಗೂಡ್ಸ್ ಗಾಡಿಯೊಂದು ನಿಲ್ಲದೆ, ನೆಲವನ್ನು ನಡುಗಿಸುತ್ತ ಹಾದುಹೋಗುತ್ತದೆ. ಊರೊಳಗೆ ಅದೇ ಹೊತ್ತಿಗೆ ಮಂಡಿಯ ಮುಂದೆ ಲಾರಿಯ ಹಿಂಬಾಗಿಲು ತೆರೆದಿರುತ್ತದೆ. ಗುಮಾಸ್ತ ಎಣಿಸುತ್ತಾನೆ, ಹಮಾಲಿ ತಲೆಯ ಮೇಲಿನ ವಸ್ತ್ರವನ್ನು ಸರಿಪಡಿಸಿಕೊಂಡು ಮುಂದಿನ ಮೂಟೆಗೆ ಬಾಗುತ್ತಾನೆ.