ಸವೆದ ಪರ್ವತಗಳ ಬೇರು

ಕರ್ನಾಟಕದ ಒಳನಾಡಿನಲ್ಲಿ ಕಲ್ಲು ನೋಡುತ್ತ ಅಲೆಯುವ ಹವ್ಯಾಸದ ಸೊಗಸು, ಈಗ ಇಲ್ಲದ ಪರ್ವತಗಳನ್ನು ಹುಡುಕುವುದರಲ್ಲಿದೆ. ಸುಮಾರು 250 ಕೋಟಿ ವರ್ಷಗಳ ಹಿಂದೆ, ಆರ್ಕಿಯನ್ ಎಂಬ ಕಲ್ಪವು ಮುಗಿಯುತ್ತಿದ್ದಾಗ, ಭೂಚಿಪ್ಪಿನ ಖಂಡಗಳು ಒತ್ತರಿಸಿ, ನಡುವಣ ಲಾವಾ ಮತ್ತು ಕಡಲತಳದ ಹೂಳು ಮಡಿಕೆಬಿದ್ದು, ನೆಲವು ದಪ್ಪಗಟ್ಟಿ ಮೇಲೆದ್ದಿತು. ಪರ್ವತಜನನವೆಂದರೆ ಇದೇ. ಆ ಶಿಖರಗಳು ಎಂದೋ ಸವೆದುಹೋದವು. ಬಾಬಾಬುಡನ್‌ಗಿರಿಯ ಈಗಿನ ಎತ್ತರವೂ ಆ ಕಾಲದ ಉಳಿಕೆಯಲ್ಲ. ಸುತ್ತಲಿನ ನೆಲ ಸವೆದಾಗ ಅಲ್ಲಿನ ಗಟ್ಟಿ ಕಬ್ಬಿಣಶಿಲೆ ಮಣಿಯದೆ ನಿಂತದ್ದರ ಫಲ.

ಚಿತ್ರದುರ್ಗದ ಬಳಿಯ ಮರಡಿಹಳ್ಳಿಯಲ್ಲಿ, ನೀರಿನಡಿ ಉಕ್ಕಿದ ಲಾವಾ ತಟ್ಟನೆ ತಣಿದು ಉಂಡೆಗಟ್ಟಿದ 'ದಿಂಬು ಲಾವಾ' ಇದೆ. ಇಂಥ ದಿಂಬಿನ ನೆತ್ತಿ ಉಬ್ಬಿರುತ್ತದೆ. ತಳವು ಕೆಳಗಿನ ಎರಡು ದಿಂಬುಗಳ ಸಂದಿಗೆ ಇಳಿದು ಚೂಪಾಗಿರುತ್ತದೆ. ಪದರಗಳು ಮಗುಚಿಬಿದ್ದಿದ್ದರೂ ಈ ಚೂಪು ಹಿಡಿದು ಮೂಲದಲ್ಲಿ ಮೇಲು ಯಾವುದು, ಕೆಳಗು ಯಾವುದು ಎಂದು ಹೇಳಬಹುದು. ಹವ್ಯಾಸಿಗೆ ಇದಕ್ಕಿಂತ ದೊಡ್ಡ ಸುಖವಿರಲಾರದು. ಲಾವಾ, ಹೂಳು ಮಡಿಕೆಬಿದ್ದ ಈ ಬಗೆಯ ಶಿಲಾಪಟ್ಟಿಗಳನ್ನು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಧಾರವಾಡದ ಹೆಸರಿನಿಂದ ಗುರುತಿಸಿದ್ದು ಹತ್ತೊಂಬತ್ತನೆಯ ಶತಮಾನದಲ್ಲಿ.

ಆದರೂ ನಿಜವಾದ ರಸವಿರುವುದು ಉತ್ತರದಿಂದ ದಕ್ಷಿಣಕ್ಕೆ ಸಾಗುವ ಪಯಣದಲ್ಲಿ. ಇಲ್ಲಿನ ಭೂಚಿಪ್ಪು ಓರೆಯಾಗಿ ಎದ್ದು ಸವೆದಿರುವುದರಿಂದ, ದಕ್ಷಿಣಕ್ಕೆ ಹೋದಂತೆಲ್ಲ ಹಳೆಯ ಪರ್ವತದ ಹೆಚ್ಚು ಆಳದ ಭಾಗ ಬಯಲಾಗುತ್ತದೆ. ಚಿತ್ರದುರ್ಗದ ಕಡೆಯ ಶಿಲೆಗಳಲ್ಲಿ ಹತ್ತುಪಟ್ಟು ಹಿಗ್ಗಿಸುವ ಮಸೂರಕ್ಕೆ ಕಾಣುವುದು ಮಿದುವಾದ ಹಸಿರು ಕ್ಲೋರೈಟ್, ಅಂದರೆ ಕಡಿಮೆ ಕಾವಿನ ಗುರುತು. ಹೊಳೆನರಸೀಪುರದ ಸುತ್ತ, ಹೆಚ್ಚು ಬೆಂದ ಶಿಸ್ಟ್‌ನಲ್ಲಿ, ಗಾರ್ನೆಟ್‌ನ ಕೆಂಪು ಹರಳುಗಳು ಏಳುತ್ತವೆ. ಶಿಸ್ಟ್ ಎಂದರೆ ಒತ್ತಡದಿಂದ ಖನಿಜಗಳೆಲ್ಲ ಒಂದೇ ದಿಕ್ಕಿಗೆ ಮಲಗಿ, ಪುಸ್ತಕದ ಹಾಳೆಗಳಂತೆ ಸೀಳುವ ಶಿಲೆ. ಹರಳಿನ ಸುತ್ತ ಈ ಹಾಳೆಗಳು ಬಳಸಿಕೊಂಡು ಬಾಗಿದ್ದರೆ, ಹರಳು ಬೆಳೆದ ಮೇಲೂ ಒತ್ತಡ ನಿಂತಿರಲಿಲ್ಲವೆಂದು ತಿಳಿಯಬೇಕು. ಒಂದು ಮಸೂರದ ಅಗಲದಲ್ಲಿ ಪರ್ವತದ ಒಳಗುದಿ ಹೀಗೆ ಕಾಣುವಾಗ, ಶಿಖರಗಳಿಲ್ಲವೆಂಬ ಕೊರಗು ಉಳಿಯುವುದಿಲ್ಲ.

ಇನ್ನೂ ದಕ್ಷಿಣಕ್ಕೆ, ಬಿಳಿಗಿರಿರಂಗನ ಬೆಟ್ಟದಲ್ಲಿ ಸಿಗುವುದು ಚಾರ್ನೊಕೈಟ್: ಇಪ್ಪತ್ತು ಕಿಲೋಮೀಟರಿಗೂ ಮಿಕ್ಕ ಆಳದಲ್ಲಿ ಬಲವಾದ ಕಾವಿಗೆ ಒಣಗಿ ರೂಪಾಂತರಗೊಂಡ ಶಿಲೆ. ಹೊರಗೆ ಕಂದು ಸಿಪ್ಪೆ ಹೊತ್ತಿರುವ ಇದು ಒಡೆದಾಗ ಮಾತ್ರ ಎಣ್ಣೆ ಸವರಿದಂಥ ಕಪ್ಪು ಹಸಿರನ್ನು ತೋರುತ್ತದೆ. ಅದು ಹುಲಿ ಸಂರಕ್ಷಿತ ಪ್ರದೇಶವಾದ್ದರಿಂದ ಸುತ್ತಿಗೆಯನ್ನು ಮನೆಯಲ್ಲೇ ಬಿಟ್ಟು, ರಸ್ತೆಗಾಗಿ ಕಡಿದ ಅಂಚಿನಲ್ಲಿ ಕಂಡಷ್ಟರಿಂದಲೇ ತೃಪ್ತಿಪಡಬೇಕು.